ಕಸದ ಡಬ್ಬಿ ನೋಡಿ ನಕ್ಕವರಲ್ಲಿ ನಾನೂ ಒಬ್ಬ

ಮೊದಲೇ ಹೇಳಿಬಿಡುತ್ತೇನೆ. ವಿಜಯ್ ಸೇತುಪತಿಯ ತಮಿಳು ಸಿನಿಮಾ ‘ಮಹಾರಾಜ’ ಇನ್ನೂ ನೋಡಿಲ್ಲ ಅನ್ನುವವರು ಇಲ್ಲೇ ನಿಲ್ಲಿಸಿ. ನೋಡಿಕೊಂಡು ಬಂದು ಓದಿ, ಪೋಸ್ಟ್ ಎಲ್ಲೂ ಓಡಿಹೋಗಲ್ಲ. ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ. ‘ಟ್ವಿಸ್ಟ್ ಹೇಳಬೇಡಿ, ಟ್ವಿಸ್ಟ್ ಹೇಳಬೇಡಿ’ ಅನ್ನೋರ ಮಾತು ಕೇಳಿಕೊಂಡು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

2024ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ವಾರವೇ ನೋಡಿದ್ದೆ. ರಾತ್ರಿ ಹತ್ತೂವರೆ ಇರಬೇಕು. ಮನೆಯವರೆಲ್ಲ ಮಲಗಿದ್ದರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್‌ನಲ್ಲೇ ಹಾಕಿದ್ದೆ. ಕಿವಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಪೊಲೀಸ್ ಸ್ಟೇಷನ್ನಿಗೆ ಬರುತ್ತಾನೆ. ಮನೆಗೆ ಕಳ್ಳರು ನುಗ್ಗಿದ್ದರು, ಲಕ್ಷ್ಮಿಯನ್ನು ಹೊತ್ತುಕೊಂಡು ಹೋದರು ಅಂತ ದೂರು. ಲಕ್ಷ್ಮಿ ಅಂದರೆ ಯಾರು, ಹೆಂಡತಿಯೋ ಮಗಳೋ ಅಂತ ಪೊಲೀಸರು ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅದೊಂದು ಕಸದ ಡಬ್ಬಿ. ಕಬ್ಬಿಣದ್ದು. ಹಳೇದು.

ನಾನು ಎಷ್ಟು ಜೋರಾಗಿ ನಕ್ಕೆ ಅಂದರೆ ಹೆಂಡತಿಗೆ ಎಚ್ಚರವಾಗಿ, ‘ಏನ್ರೀ ಅದು, ಹೊತ್ತಲ್ಲದ ಹೊತ್ತಲ್ಲಿ’ ಅಂದು ಮಗ್ಗುಲು ಬದಲಾಯಿಸಿದಳು.

ಸಿನಿಮಾ ಮುಗಿದಾಗ ಒಂದು ಗಂಟೆ. ಎದ್ದು ಹೋಗಿ ನೀರು ಕುಡಿದೆ. ಎಂಟನೇ ಕ್ಲಾಸಿನ ಮಗಳ ರೂಮಿಗೆ ಹೋಗಿ ಫ್ಯಾನ್ ಸ್ಪೀಡ್ ಕಮ್ಮಿ ಮಾಡಿ ಬಂದೆ. ಕಮ್ಮಿ ಮಾಡುವ ಅಗತ್ಯ ಏನೂ ಇರಲಿಲ್ಲ.

ನೋಡಿದ್ದು ಮರೆತವರಿಗೆ ಚಿಕ್ಕದಾಗಿ ಕಥೆ. ಮಹಾರಾಜ ಒಬ್ಬ ಸಲೂನ್ ಕೆಲಸದವನು. ಹಿಂದೊಂದು ದಿನ ಲಾರಿಯೊಂದು ಮನೆಗೆ ನುಗ್ಗಿ ಅವನ ಹೆಂಡತಿ ಸತ್ತಿದ್ದಾಳೆ. ಕಸದ ಡಬ್ಬಿ ಮೇಲೆ ಕವುಚಿಕೊಂಡಿದ್ದರಿಂದ ಮಗು ಬದುಕಿದೆ. ಅದಕ್ಕೇ ಡಬ್ಬಿಗೆ ಲಕ್ಷ್ಮಿ ಅಂತ ಹೆಸರು, ಮನೆಯಲ್ಲಿ ದೇವರ ಸ್ಥಾನ. ಮಗು ಬೆಳೆದು ಜ್ಯೋತಿ ಆಗಿದ್ದಾಳೆ. ಸ್ಕೂಲಲ್ಲಿ ಸ್ಪೋರ್ಟ್ಸ್ ಹುಡುಗಿ, ಕ್ಯಾಂಪಿಗೆ ಹೋಗಿದ್ದಾಳೆ ಅಂತ ನಾವು ನಂಬಿರುತ್ತೇವೆ. ಇನ್ನೊಂದು ಕಡೆ ಸೆಲ್ವಂ. ಹಿಂದಿ ನಿರ್ದೇಶಕ ಅನುರಾಗ್ ಕಶ್ಯಪ್ ಮಾಡಿರುವ ಪಾತ್ರ. ಹಗಲು ಎಲೆಕ್ಟ್ರಿಕಲ್ ಅಂಗಡಿ, ರಾತ್ರಿ ಮನೆಗಳಿಗೆ ನುಗ್ಗಿ ದರೋಡೆ, ಅತ್ಯಾಚಾರ. ಮನೆಗೆ ಬಂದರೆ ಹೆಂಡತಿ ಮೇಲೆ, ಪುಟ್ಟ ಮಗಳ ಮೇಲೆ ಪ್ರಾಣ. ಈ ಎರಡೂ ಕಥೆ ಒಂದೇ ಕಾಲದಲ್ಲಿ ನಡೆಯುತ್ತಿವೆ ಅಂತ ಸಿನಿಮಾ ನಮ್ಮನ್ನು ನಂಬಿಸುತ್ತದೆ. ಅಸಲಿಗೆ ನಡುವೆ ಒಂದು ಮಗು ಬೆಳೆದು ಹೈಸ್ಕೂಲು ಸೇರುವಷ್ಟು ವರ್ಷ ಕಳೆದಿರುತ್ತದೆ. ಸಲೂನಿನಲ್ಲಿ ಬಿಟ್ಟುಹೋದ ಒಡವೆಯನ್ನು ವಾಪಸ್ ಕೊಡಲು ಬಂದ ಮಹಾರಾಜನೇ ತನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟ ಅಂತ ಸೆಲ್ವಂ ತಪ್ಪು ತಿಳಿದಿರುತ್ತಾನೆ. ಜೈಲಿಂದ ಬಂದವನು ಸೇಡಿಗಾಗಿ ಮಹಾರಾಜನ ಮಗಳ ಮೇಲೆ ತನ್ನ ಕಡೆಯವರನ್ನು ಬಿಡುತ್ತಾನೆ. ಆದರೆ ಲಾರಿ ನುಗ್ಗಿದ ದಿನ ಆ ಮನೆಯಲ್ಲಿ ಇದ್ದದ್ದು ಎರಡು ಮಕ್ಕಳು. ಡಬ್ಬಿಯ ಅಡಿಯಲ್ಲಿ ಉಳಿದದ್ದು ಸೆಲ್ವಂನ ಮಗು. ಮಹಾರಾಜ ತನ್ನ ಮಗಳ ಹಾಗೆ ಸಾಕಿದ ಜ್ಯೋತಿ ಅವಳೇ.

ಇದನ್ನು ಟ್ವಿಸ್ಟ್ ಅಂತ ಕರೆದರು. ನನ್ನ ತಕರಾರು ಶುರುವಾಗುವುದೇ ಈ ಪದದಿಂದ.

ತಕರಾರಿಗೆ ಮುಂಚೆ ಒಂದು ಮಾತು. ನಿರ್ದೇಶಕ ನಿತಿಲನ್ ಸ್ವಾಮಿನಾಥನ್ ಕಸುಬು ಗೊತ್ತಿರುವ ಆಸಾಮಿ. ಇದು ಅವರ ಎರಡನೇ ಸಿನಿಮಾ. ಮೊದಲನೆಯದು 2017ರ ‘ಕುರಂಗು ಬೊಮ್ಮೈ’. ಅದರಲ್ಲೂ ಅಪ್ಪ, ಅದರಲ್ಲೂ ಒಂದು ಸಾಮಾನು. ಅಲ್ಲಿ ಕೋತಿಯ ಚಿತ್ರ ಇರುವ ಬ್ಯಾಗು, ಇಲ್ಲಿ ಡಬ್ಬಿ. ಎರಡಕ್ಕೂ ಸಂಗೀತ ನಮ್ಮ ಭದ್ರಾವತಿಯ ಅಜನೀಶ್ ಲೋಕನಾಥ್. ‘ಕಾಂತಾರ’ ಬಂದ ಮೇಲೆ ಅಜನೀಶ್ ಅಂದರೆ ಚಂಡೆ, ತಮಟೆ, ಮೈ ಜುಮ್ ಅನ್ನಿಸುವ ಅಬ್ಬರ ಅಂತಲೇ ಆಗಿಬಿಟ್ಟಿದೆ. ಇಲ್ಲಿ ಸುಮಾರು ಕಡೆ ಸಂಗೀತ ಇದೆ ಅಂತಲೇ ಗೊತ್ತಾಗಲ್ಲ. ನನಗೆ ಅದೇ ಇಷ್ಟವಾಯಿತು. ‘ನಮ್ಮಲ್ಲಿ ಯಾಕೆ ಇಂಥ ಥ್ರಿಲ್ಲರ್ ಬರಲ್ಲ’ ಅಂತ ವಾರಕ್ಕೊಂದು ಪೋಸ್ಟ್ ಹಾಕೋರು ನಮ್ಮಲ್ಲಿ ಬಹಳ ಜನ. ಅವರಲ್ಲಿ ಎಷ್ಟು ಜನ ಟೈಟಲ್ ಕಾರ್ಡ್‌ನಲ್ಲಿ ಈ ಹೆಸರು ನೋಡಿದರೋ!

ವಿಜಯ್ ಸೇತುಪತಿಗೆ ಇದು ಐವತ್ತನೇ ಸಿನಿಮಾ. ಮೂರ್ನಾಲ್ಕು ವರ್ಷದಿಂದ ದೊಡ್ಡ ದೊಡ್ಡ ಹೀರೋಗಳ ಎದುರು ವಿಲನ್ ಆಗಿ ಹೊಡೆಸಿಕೊಳ್ಳುತ್ತಿದ್ದ ಮನುಷ್ಯ. 2024ರ ಜೂನ್ 14ಕ್ಕೆ ಇದು ಬಂತು. ಬಾಯಿಂದ ಬಾಯಿಗೆ ಹರಡಿ ನೂರು ಕೋಟಿ ದಾಟಿತು. ಆ ಲೆಕ್ಕ ಸಾಕು. ಕೋಟಿ ಎಣಿಸೋದು ನಿರ್ಮಾಪಕರ ಕೆಲಸ.

ಸಿನಿಮಾದ ಜೀವ ಇರೋದು ಆ ಸ್ಟೇಷನ್ ದೃಶ್ಯಗಳಲ್ಲಿ. ಎರಡನೇ ಸಲ ನೋಡಿದಾಗ ಇದು ನನಗೆ ಹೊಳೆಯಿತು. ಮೊದಲ ಸಲ ನಾವು ಪೊಲೀಸರ ಜೊತೆ ಸೇರಿಕೊಂಡಿರುತ್ತೇವೆ. ಅವರು ನಕ್ಕರೆ ನಾವೂ ನಗುತ್ತೇವೆ. ‘ಯಾವನೋ ತಲೆ ಕೆಟ್ಟವನು’ ಅಂತ ಅವರು ಅಂದುಕೊಂಡರೆ ನಾವೂ ಅಂದುಕೊಳ್ಳುತ್ತೇವೆ. ಅವನು ಒಂದೇ ಕಥೆಯನ್ನು ಒಂದೇ ಧಾಟಿಯಲ್ಲಿ ಮತ್ತೆ ಮತ್ತೆ ಒಪ್ಪಿಸುತ್ತಾನೆ, ಮಗ್ಗಿ ಹೇಳೋ ಮಗುವಿನ ಹಾಗೆ. ಬೈಸಿಕೊಳ್ಳುತ್ತಾನೆ, ಹೊಡೆಸಿಕೊಳ್ಳುತ್ತಾನೆ, ಜಾಗ ಬಿಟ್ಟು ಕದಲುವುದಿಲ್ಲ. ಹುಡುಕಿ ಕೊಟ್ಟರೆ ಲಕ್ಷಗಟ್ಟಲೆ ಕೊಡುತ್ತೇನೆ ಅಂತಾನೆ. ದುಡ್ಡಿನ ಮಾತು ಬಂದ ಕೂಡಲೇ ಸ್ಟೇಷನ್ನಿನ ಮುಖಗಳೆಲ್ಲ ಬದಲಾಗುತ್ತವೆ. ಡಬ್ಬಿಗೆ ಡೂಪ್ಲಿಕೇಟ್ ಮಾಡಿಸಲು ಹೊರಡುತ್ತಾರೆ. ಅದೂ ತಮಾಷೆಯಾಗೇ ಇದೆ.

ಎರಡನೇ ಸಲ ನೋಡುವಾಗ ಕಣ್ಣು ಪೊಲೀಸರ ಮೇಲೆ ಇರುವುದಿಲ್ಲ, ಅವನ ಮೇಲೆ ಇರುತ್ತದೆ. ಆ ಹೊತ್ತಿಗೆ ಅವನ ಮಗಳು ಎಲ್ಲಿದ್ದಾಳೆ, ಯಾವ ಸ್ಥಿತಿಯಲ್ಲಿದ್ದಾಳೆ ಅನ್ನೋದು ಅವನಿಗೆ ಗೊತ್ತು. ಈಗ ನಮಗೂ ಗೊತ್ತು. ಡಬ್ಬಿ ಹುಡುಕಿಸುವ ನೆಪದಲ್ಲಿ ಅವನು ಹುಡುಕುತ್ತಿರುವುದು ಮನುಷ್ಯನನ್ನು. ಪೆದ್ದನ ಹಾಗೆ ಕಂಡ ಮುಖ ಈಗ ಬೇರೆ ಥರ ಕಾಣುತ್ತದೆ. ಅದು ಪೆದ್ದುತನ ಅಲ್ಲ, ಹಲ್ಲು ಕಚ್ಚಿಕೊಂಡಿರೋದು. ಅದೇ ಸೀನು, ಅದೇ ಮಾತು. ನಗು ಮಾತ್ರ ಬರಲಿಲ್ಲ.

ಇನ್ನೂ ಒಂದು ವಿಷಯ ಇದೆ, ಯಾರೂ ಜಾಸ್ತಿ ಮಾತಾಡದೇ ಇರೋದು. ಅವನು ಮಗಳ ವಿಷಯಕ್ಕೆ ದೂರು ಕೊಡದೆ ಡಬ್ಬಿಯ ವಿಷಯಕ್ಕೆ ಯಾಕೆ ಕೊಟ್ಟ? ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಲಕ್ಷ್ಮಿ ಅಂದಾಗ ಆ ಸ್ಟೇಷನ್ನಿನಲ್ಲಿ ಹೇಗೆ ನಕ್ಕರು, ಹೇಗೆ ಕೆದಕಿ ಕೆದಕಿ ಕೇಳಿದರು ಅನ್ನೋದನ್ನ ನಾವೇ ಕೂತು ನೋಡಿದ್ದೇವೆ. ಅದೇ ಮೇಜಿನ ಮುಂದೆ ಅವನು ಜ್ಯೋತಿ ಹೆಸರು ಹೇಳಿದ್ದರೆ? ಅಷ್ಟು ಉದ್ದದ ಕಾಮಿಡಿ ಟ್ರ್ಯಾಕ್ ಇರೋದೇ ಅವನು ಬಾಯಿ ಬಿಡದೇ ಇದ್ದದ್ದಕ್ಕೆ ಕಾರಣ ಕೊಡೋಕೆ. ನಿತಿಲನ್‌ಗೆ ನಾನು ಕೈ ಮುಗಿಯೋದು ಇಲ್ಲಿಗೆ. ಟ್ವಿಸ್ಟ್‌ಗೆ ಅಲ್ಲ.

ನಲ್ಲಶಿವಂ ಪಾತ್ರಕ್ಕೆ ಸಿಂಗಂಪುಲಿಯನ್ನು ಹಾಕಿದ್ದು ಕೂಡ ಇದೇ ಲೆಕ್ಕಾಚಾರ. ತಮಿಳಿನವರಿಗೆ ಅವರ ಮುಖ ಕಂಡರೆ ನಗು. ಹಾಸ್ಯನಟ ಅಂತಲೇ ಹೆಸರು. ಪೊಲೀಸರಿಗೆ ಸುಳಿವು ಕೊಟ್ಟುಕೊಂಡು ಅಡ್ಡಾಡುವ ಚಿಲ್ಲರೆ ಕಳ್ಳನಾಗಿ ಬಂದು, ನಗಿಸಿ, ನಮ್ಮ ಪಕ್ಕದಲ್ಲೇ ಕೂತುಬಿಡುತ್ತಾನೆ. ಆಮೇಲೆ ಜ್ಯೋತಿಯ ಮೇಲೆ ಬಿದ್ದವರಲ್ಲಿ ಇವನೂ ಒಬ್ಬ ಅಂತ ಗೊತ್ತಾದಾಗ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಇಂಥವರಿಗೆ ಸಿನಿಮಾದಲ್ಲಿ ಕೆಂಪು ಕಣ್ಣು, ಕೆನ್ನೆ ಮೇಲೆ ಗಾಯ ಇರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ?

ನಮ್ಮ ಏರಿಯಾದ ಸಲೂನಿನ ಅಣ್ಣನೂ ಈ ಸಿನಿಮಾ ನೋಡಿದ್ದ. ಕಟಿಂಗ್ ಮಾಡುವಾಗ ಅವನೇ ಮಾತು ತೆಗೆದ. ಹೀರೋ ಅವನ ಕಸುಬಿನವನು ಅನ್ನೋದು ಅವನಿಗೆ ಒಂಥರಾ ಖುಷಿ. ‘ನಮ್ ಕೆಲ್ಸದವ್ರನ್ನ ಸಿನಿಮಾದಲ್ಲಿ ಕಾಮಿಡಿಗೇ ಹಾಕ್ತಾರೆ ಸಾರ್. ಇದ್ರಲ್ಲೂ ಮೊದ್ಲು ಹಂಗೇ ಅನ್ಕೊಂಡೆ’ ಅಂದ. ಆಮೇಲೆ ಹಿಂದಲೆಗೆ ನೀರು ಚಿಮುಕಿಸಿ, ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸುತ್ತಾ ಇನ್ನೊಂದು ಮಾತು ಹೇಳಿದ. ‘ಇಲ್ಲಿ ಕೂತ್ಕೊಂಡು ಜನ ಏನೇನ್ ಮಾತಾಡ್ತಾರೆ ಗೊತ್ತಾ ಸಾರ್? ಫೋನಲ್ಲಿ ಹೆಂಡ್ತಿಗ್ ಬೈತಾರೆ, ಸಾಲದ್ ವಿಷ್ಯ, ಕೇಸಿನ್ ವಿಷ್ಯ. ನಾವೊಬ್ರು ಹಿಂದೆ ನಿಂತಿದೀವಿ ಅನ್ನೋದೇ ಮರ್ತ್ಹೋಗಿರತ್ತೆ ಅವ್ರಿಗೆ.’ ಕತ್ತಿನ ಹಿಂಭಾಗದಲ್ಲಿ ಬ್ಲೇಡು ಸರಸರ ಓಡುತ್ತಿತ್ತು. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತು ನಾನು ಫೋನಲ್ಲಿ ಏನು ಮಾತಾಡಿದ್ದೆ ಅಂತ ನೆನಪು ಮಾಡಿಕೊಳ್ಳುತ್ತಾ ಅಲ್ಲಾಡದೆ ಕೂತಿದ್ದೆ.

ಸೆಲ್ವಂನ ಅನುಮಾನ ಹುಟ್ಟುವುದು ಇಲ್ಲೇ ನೋಡಿ. ಇಷ್ಟು ದಿನ ಕಾಣದೇ ಇದ್ದ ಸಲೂನಿನವನು ಮನೆ ಬಾಗಿಲಿಗೆ ಬಂದಾಗ ತಟಕ್ಕನೆ ಕಾಣಿಸುತ್ತಾನೆ. ಬಂದದ್ದು ಒಡವೆ ಕೊಡೋಕೆ. ಅದು ಅವನ ಪ್ರಾಮಾಣಿಕತೆ. ಅದಕ್ಕೆ ಸಿಕ್ಕ ಬಹುಮಾನ ಏನು ಅಂತ ಗೊತ್ತಲ್ಲ.

ಈಗ ಚೀನಾಕ್ಕೆ ಬರೋಣ. 2024ರ ನವೆಂಬರ್ 29ಕ್ಕೆ ಸಿನಿಮಾ ಅಲ್ಲಿ ಬಿಡುಗಡೆ ಆಯಿತು. ಅಕ್ಟೋಬರಿನಲ್ಲಿ ಭಾರತ-ಚೀನಾ ನಡುವೆ ಗಡಿ ಗಸ್ತಿನ ಒಪ್ಪಂದ ಆಯಿತಲ್ಲ, ಅದರ ಬೆನ್ನಿಗೇ ಹೋದ ಭಾರತದ ಸಿನಿಮಾ ಅಂತ ಪತ್ರಿಕೆಗಳಲ್ಲಿ ಬಂತು. ನಲವತ್ತು ಸಾವಿರ ಪರದೆ ಅಂತಲೂ ಬಂತು. ಜನ ಅತ್ತುಕೊಂಡು ಹೊರಗೆ ಬರುವ ವಿಡಿಯೋಗಳು ನನ್ನ ಫೋನಿಗೂ ಬಂದವು. ಅಪ್ಪ-ಮಗಳ ಕಥೆ ಅವರಿಗೆ ಹೊಸದಲ್ಲ. 2017ರಲ್ಲಿ ಆಮಿರ್ ಖಾನ್‌ನ ಕುಸ್ತಿ ಸಿನಿಮಾ ‘ದಂಗಲ್’ ಅನ್ನು ತಲೆ ಮೇಲೆ ಹೊತ್ತು ಕುಣಿದ ಜನ ಅವರು. ನನಗೆ ಕುತೂಹಲ ಹುಟ್ಟಿಸಿದ್ದು ಅಲ್ಲಿ ಇದಕ್ಕೆ ಇಟ್ಟ ಹೆಸರು. ಅರ್ಥ ಹೆಚ್ಚೂಕಮ್ಮಿ ‘ಕರ್ಮಫಲ’.

ಈ ಸುದ್ದಿ ನೋಡಿ ನಮ್ಮಮ್ಮನಿಗೆ ಸಿನಿಮಾ ನೋಡಬೇಕು ಅನ್ನಿಸಿತು. ಅಮ್ಮ ಬಂಗಾರಪೇಟೆ ಕಡೆಯವಳು. ಕೆಜಿಎಫ್ ಪಕ್ಕದಲ್ಲೇ ಬೆಳೆದವಳಿಗೆ ತಮಿಳು ಸಬ್‌ಟೈಟಲ್ ಇಲ್ಲದೆಯೂ ಅರ್ಥ ಆಗುತ್ತದೆ. ಮಗಳನ್ನು ಟ್ಯೂಷನ್ನಿಗೆ ಕಳಿಸಿ ಹೋದ ಭಾನುವಾರ ಟಿವಿಯಲ್ಲಿ ಹಾಕಿದೆವು. ಅಮ್ಮನ ಮುಂದೆ ನೆನೆಸಿದ ಅವರೆಕಾಳಿನ ಬೇಸಿನ್. ಹಿತುಕಿದ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಸ್ಟೇಷನ್ ಸೀನಿನಲ್ಲಿ ಅಮ್ಮನೂ ನಕ್ಕಳು. ನಾನು ಸುಮ್ನೆ ಇದ್ದೆ.

ಕೊನೆಯಲ್ಲಿ ಸೆಲ್ವಂಗೆ ಸತ್ಯ ಗೊತ್ತಾಗಿ, ಅರ್ಧ ಕಟ್ಟಿದ ಬಿಲ್ಡಿಂಗಿನ ಮೇಲಿಂದ ಬಿದ್ದಾಗ ಅಮ್ಮ ಒಂದು ಕಾಳು ಹಿತುಕಿದ ರಭಸಕ್ಕೆ ಅದು ಟಿವಿ ಸ್ಟ್ಯಾಂಡಿಗೆ ಹೋಗಿ ಬಡಿಯಿತು. ‘ಮಾಡಿದ್ದುಣ್ಣೋ ಮಹಾರಾಯ!’ ಅಂದಳು. ಚೀನಾದವರು ಇಟ್ಟ ಹೆಸರನ್ನೇ ಅಮ್ಮ ಕನ್ನಡದಲ್ಲಿ ಹೇಳಿದ ಹಾಗಾಯಿತು. ಅದರಲ್ಲೂ ಮಹಾರಾಯ ಅಂತ!

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ‘ಮಾಡಿದ್ದು ಅವನು ಅತ್ತೆ. ಉಂಡಿದ್ದು ಆ ಹುಡುಗಿ’ ಅಂದಳು.

‘ಅವನ ಮಗಳೇ ಅಲ್ವೇನೇ? ಅಪ್ಪ ಮಾಡಿದ ಪಾಪ ಮಕ್ಕಳಿಗೆ ತಟ್ಟದೆ ಬಿಡತ್ತಾ?’

‘ಹಂಗಾದ್ರೆ ನಿಮ್ಮ ಮಗ ಏನಾದ್ರೂ ಮಾಡಿದ್ರೆ ನಿಮ್ಮ ಮೊಮ್ಮಗಳು ಅನುಭವಿಸ್ಬೇಕಾ?’

ಅಮ್ಮ ನಾಲ್ಕೈದು ಕಾಳು ಹಿತುಕುವಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನನ್ನ ಮಗ ಯಾಕೆ ಮಾಡ್ತಾನೆ’ ಅಂದಳು. ಅತ್ತೆ ಸೊಸೆ ಇಬ್ಬರೂ ನನ್ನ ಕಡೆ ನೋಡಿದರು. ನಾನು ಟಿವಿ ಸ್ಟ್ಯಾಂಡಿನ ಕೆಳಗೆ ಹೋದ ಅವರೆಕಾಳು ಹುಡುಕಲು ಬಗ್ಗಿದೆ.

ಜುಲೈನಿಂದ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಮಾತನ್ನು ಹೆಂಡತಿ ಒಂದೇ ಸಾಲಿನಲ್ಲಿ ಹೇಳಿ ಒಗ್ಗರಣೆ ಹಾಕಲು ಹೋದಳು. ಸೆಲ್ವಂಗೆ ಶಿಕ್ಷೆ ಆಯಿತು ಅಂತ ನಾವು ಸಮಾಧಾನ ಪಡುತ್ತೇವಲ್ಲ, ಆ ಶಿಕ್ಷೆಯನ್ನು ಯಾವುದರಿಂದ ಮಾಡಿದ್ದಾರೆ? ಜ್ಯೋತಿಯ ಮೈಯಿಂದ. ಅವಳ ಮೇಲೆ ಆದ ಅತ್ಯಾಚಾರವೇ ಅವನಿಗೆ ಕೊಟ್ಟ ಏಟು. ಅವನು ಬೇರೆ ಮನೆಗಳಲ್ಲಿ ಹಾಳು ಮಾಡಿದ ಹೆಂಗಸರ ಹೆಸರು ಕೂಡ ನಮಗೆ ಗೊತ್ತಿಲ್ಲ. ಅವರ ಕರ್ಮದ ಲೆಕ್ಕ ಯಾರು ಬರೆದರು? ಅವರಿಗೆ ಆದದ್ದು ಸಾಲದು ಅಂತ, ಲೆಕ್ಕ ಸರಿಮಾಡೋಕೆ ಇನ್ನೊಬ್ಬ ಹುಡುಗಿ ಬೇಕಾಯಿತಾ? ನಮ್ಮ ಗಾದೆಯಲ್ಲಿ ಮಾಡಿದವನೇ ಉಣ್ಣಬೇಕು. ಇಲ್ಲಿ ಎಲೆ ಹಾಕಿದ್ದು ಬೇರೆಯವರಿಗೆ.

ಬಿಡುಗಡೆ ಆದಾಗ ಕೆಲವು ವಿಮರ್ಶಕರು ಇದನ್ನೇ ಕೇಳಿದ್ದರು, ಹುಡುಗಿಯ ಮೇಲಿನ ದೌರ್ಜನ್ಯವನ್ನು ಕಥೆ ತಿರುಗಿಸುವ ಕೀಲಿ ಮಾಡಿಕೊಂಡಿದ್ದೀರಿ ಅಂತ. ಅವರಿಗೆ ಕಾಮೆಂಟಿನಲ್ಲಿ ಬಿದ್ದ ಬೈಗುಳ ನೋಡಬೇಕಿತ್ತು. ಸಿನಿಮಾ ಅರ್ಥ ಆಗಿಲ್ಲ ಅಂದರು, ಸ್ಪಾಯ್ಲರ್ ಕೊಟ್ಟಿರಿ ಅಂತಲೂ ಅಂದರು. ಅಲ್ಲ ಸ್ವಾಮಿ, ಒಂದು ಹುಡುಗಿಗೆ ಏನಾಯಿತು ಅಂತ ಹೇಳೋದೇ ಸ್ಪಾಯ್ಲರ್ ಅನ್ನುವ ಥರ ಸಿನಿಮಾ ಕಟ್ಟಿದರೆ ಮಾತಾಡೋದು ಹೇಗೆ? ಎಲ್ಲರೂ ಎಡಿಟಿಂಗ್ ಬಗ್ಗೆ ಮಾತಾಡಿದರು, ಕಾಲ ಹಿಂದೆ ಮುಂದೆ ಮಾಡಿದ ಬಗ್ಗೆ ಮಾತಾಡಿದರು. ಅವಳ ಬಗ್ಗೆ ಮಾತಾಡಿದರೆ ಗುಟ್ಟು ರಟ್ಟಾಗುತ್ತದೆ.

ಶಿಳ್ಳೆ ಹೊಡೆಸಿದ ಇನ್ನೊಂದು ಜಾಗ ಇನ್‌ಸ್ಪೆಕ್ಟರ್ ವರದರಾಜನ್‌ದು. ನಟ್ಟಿ ಆ ಪಾತ್ರ ಚೆನ್ನಾಗಿ ಮಾಡಿದ್ದಾರೆ, ಅದು ಬೇರೆ ಮಾತು. ಸತ್ಯ ಗೊತ್ತಾದ ಮೇಲೆ ಅವನು ನಲ್ಲಶಿವಂನನ್ನು ಕೋರ್ಟಿಗೆ ಒಯ್ಯುವುದಿಲ್ಲ, ಮಹಾರಾಜನ ಕೈಗೇ ಬಿಡುತ್ತಾನೆ. ನೋಡುವಾಗ ನನ್ನ ಕೈಯೂ ಮುಷ್ಟಿ ಕಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ 2012ರಿಂದ ಪೋಕ್ಸೋ ಕಾಯ್ದೆ ಇದೆ. ಮಗುವಿನ ಹೇಳಿಕೆಯನ್ನು ಮನೆಗೇ ಹೋಗಿ, ಇಲ್ಲವೇ ಮಗು ಹೇಳಿದ ಜಾಗದಲ್ಲಿ ತಗೋಬೇಕು. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ತಗೋಬೇಕು. ಯೂನಿಫಾರಂ ಹಾಕಿಕೊಂಡಿರಬಾರದು. ರಾತ್ರಿ ಹೊತ್ತು ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಹೆಸರು ಹೊರಗೆ ಬರಬಾರದು. ಇಷ್ಟೆಲ್ಲ ಬರೆದಿಟ್ಟಿದ್ದಾರೆ. ಮಹಾರಾಜನಿಗೆ ಇದನ್ನು ಯಾರೂ ಹೇಳಲಿಲ್ಲ. ಥಿಯೇಟರಿನಲ್ಲಿ ಕೂತವರಿಗೂ ಹೇಳುವವರಿಲ್ಲ. ನಾನೇ ಮಗಳ ಸ್ಕೂಲಿನಲ್ಲಿ ಪೋಷಕರಿಗೆ ಇಟ್ಟಿದ್ದ ಒಂದು ಮೀಟಿಂಗಿಗೆ ಹೋಗಿರದಿದ್ದರೆ ನನಗೂ ಗೊತ್ತಿರುತ್ತಿರಲಿಲ್ಲ. ಆ ಮೀಟಿಂಗಿಗೆ ಬಂದ ಅಪ್ಪಂದಿರು ನಾವು ಮೂರು ಜನ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಜ್ಯೋತಿಗೆ ಕೊನೆಗೆ ಒಂದು ದೃಶ್ಯ ಇದೆ. ತನ್ನನ್ನು ಹೀಗೆ ಮಾಡಿಸಿದವನ ಎದುರಿಗೆ ತಾನೇ ಹೋಗಿ ನಿಲ್ಲುತ್ತಾಳೆ. ಅಳುವುದಿಲ್ಲ, ಬೇಡುವುದಿಲ್ಲ. ನೀನು ಮಾಡಿದ್ದರಿಂದ ನನ್ನ ಬದುಕು ಮುಗಿದುಹೋಗಿಲ್ಲ ಅನ್ನುವ ಹಾಗೆ ಮಾತಾಡುತ್ತಾಳೆ. ಸಾಚನಾ ನಮಿದಾಸ್ ಅನ್ನುವ ಹುಡುಗಿ ಆ ಪಾತ್ರ ಮಾಡಿರೋದು. ಆ ಎರಡು ನಿಮಿಷ ಇಡೀ ಪರದೆ ಅವಳದು. ಹಸಿ ಸಿಮೆಂಟಿನ ಮೇಲೆ ಅವಳ ಪಾದದ ಗುರುತು ಉಳಿಯುತ್ತದೆ, ಅವನ ರಕ್ತ ಹರಿದು ಬಂದು ಅದರೊಳಗೆ ತುಂಬುತ್ತದೆ. ಬೇರೆಯವರು ಅದನ್ನು ಮಹಾ ದೃಶ್ಯ ಅಂದರು. ನನಗೆ ಅದು ಸ್ವಲ್ಪ ಜಾಸ್ತಿ ಆಯಿತು. ಅವಳು ಬೆನ್ನು ತಿರುಗಿಸಿ ನಡೆದು ಹೋದಳಲ್ಲ, ಕ್ಯಾಮೆರಾ ಅವಳ ಹಿಂದೆ ಹೋಗಬೇಕಿತ್ತು. ಇಲ್ಲೇ ನಿಂತುಕೊಂಡು ಅವನು ಸಾಯೋದನ್ನ ನೋಡಿತು.

ಎರಡು ಸಲ ನೋಡಿದ್ದೇನೆ. ಬಿಡುವಾದರೆ ಮೂರನೇ ಸಲ ಸ್ಟೇಷನ್ ಸೀನುಗಳಿಗಾಗಿ ನೋಡಿದರೂ ನೋಡಿದೆ. ಸಿನಿಮಾ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಕೆಟ್ಟದಾಗಿದ್ದರೆ ಇಷ್ಟುದ್ದ ಯಾರು ಟೈಪ್ ಮಾಡ್ತಾರೆ.

ಇದನ್ನೆಲ್ಲ ಬರೆಯುವ ಮುಂಚೆ, ನಿನ್ನೆ ರಾತ್ರಿ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದೆ. ಜುಲೈನಲ್ಲಿ ಈ ಸಿನಿಮಾ ಬಗ್ಗೆ ಅಲ್ಲಿ ಎರಡು ದಿನ ಚರ್ಚೆ ನಡೆದಿತ್ತು. ಎಲ್ಲರೂ ನೋಡಿದವರೇ. ‘ಮಹಾರಾಜ ಸಿನಿಮಾದಲ್ಲಿ ಮಗಳ ಹೆಸರೇನ್ರೋ? ಗೂಗಲ್ ಮಾಡದೆ ಹೇಳಿ’ ಅಂತ ಕೇಳಿದ್ದೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಉತ್ತರ ಬಂದಿತ್ತು.

‘ಲಕ್ಷ್ಮಿ ಅಲ್ವಾ?’

ಅದಕ್ಕೆ ನಾಲ್ಕು ಜನ ಥಂಬ್ಸ್ ಅಪ್ ಒತ್ತಿದ್ದರು.